ಮಾಳದ ಮಗಳು, ಮುಕ್ತಿಯ ತಾಯಿ: ಪಂಡಿತಾ ರಮಾಬಾಯಿ

ಪರೇಲ್, ಲಾಲ್‌ಬಾಗ್ ಪರಿಸರದಲ್ಲಿ ನೆಲೆಸಿರುವ ಕಾರ್ಕಳ ಕಡೆಯ ನಮ್ಮವರಿಗೆ ಮಾಳ ಗ್ರಾಮವು ಅಪರಿಚಿತವಲ್ಲ. ಆದರೆ ಮಹಾರಾಷ್ಟ್ರವು ತನ್ನವಳೆಂದೇ ಭಾವಿಸಿರುವ ಪಂಡಿತಾ ರಮಾಬಾಯಿಯವರು 1858ರ ಏಪ್ರಿಲ್ 23ರಂದು ಜನಿಸಿದ್ದು ಆ ಮಾಳದ ಮೇಲಣ ಗಂಗಾಮೂಲದ ಕಾಡಿನಲ್ಲಿ ಎಂಬುದನ್ನು ಬಲ್ಲವರು ವಿರಳ. ಪರೇಲಿನಲ್ಲಿ ವರ್ಷಾನುಗಟ್ಟಲೆ ಬ್ಯಾಂಕಿನ ಲೆಕ್ಕ ಬರೆದ ನನಗೂ ಇದು ತಿಳಿದುಬಂದುದು ತಡವಾಗಿಯೇ.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಸಂಪ್ರದಾಯವನ್ನು ಎದುರಿಸಿ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಆ ತಾಯಿಯೇ ರಮಾಬಾಯಿಗೆ ಗುರುವಾದಳು. ತೀರ್ಥಯಾತ್ರೆ, ಪುರಾಣಪ್ರವಚನಗಳಲ್ಲೇ ಬಾಲ್ಯ ಕಳೆಯಿತು. ಬರಗಾಲದಲ್ಲಿ ತಂದೆತಾಯಿಯರನ್ನು ಕಳೆದುಕೊಂಡು, ಅಣ್ಣನೊಡನೆ 1878ರಲ್ಲಿ ಕಲ್ಕತ್ತೆಗೆ ತಲುಪಿದಾಗ ಅಲ್ಲಿಯ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ವಿವಾಹವಾಗಿ ಎರಡು ವರ್ಷ ತುಂಬುವುದರೊಳಗೆ ವೈಧವ್ಯ. ಕೈಯಲ್ಲಿ ಮನೋರಮಾ ಎಂಬ ಹಸುಳೆ.

1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆ ಪಡೆದ ಅವರು ಅಮೆರಿಕೆಯ ಪ್ರವಾಸ ಮುಗಿಸಿ ಮರಳಿ, 1889ರ ಮಾರ್ಚ್ 11ರಂದು ನಮ್ಮ ಮುಂಬಯಿಯ ಚೌಪಾಟಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. 1893ರಲ್ಲಿ ಮತಾಂತರದ ಆರೋಪವೆದ್ದು ಅನೇಕ ಪಾಲಕರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ವಿವಾದದ ಸರಿತಪ್ಪುಗಳನ್ನು ಅಳೆಯುವುದು ಈ ಕಿರುಲೇಖನದ ಉದ್ದೇಶವಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಸಂಗತಿ. ದೀಕ್ಷೆ ಪಡೆದ ಎಂಟು ವರ್ಷಗಳವರೆಗೆ ತಾವು ಧರ್ಮವನ್ನು ಅಪ್ಪಿದ್ದರೇ ಹೊರತು ಕ್ರಿಸ್ತನನ್ನು ಕಂಡಿರಲಿಲ್ಲವೆಂದು ರಮಾಬಾಯಿಯವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಹೆಸರಿಗಷ್ಟೇ ಭಕ್ತರಾಗಿರುವುದೆಂದರೇನೆಂಬುದು ಅವರಿಗೆ ಸ್ವಾನುಭವ. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತದಿಂದ ನೂರಾರು ಅನಾಥೆಯರನ್ನು ಕರೆತಂದು ಪುಣೆಯಿಂದಾಚೆ ಕೇಡಗಾಂವಿನಲ್ಲಿ ಮುಕ್ತಿ ಸದನವನ್ನು ಕಟ್ಟಿದಾಗಲೂ ಇದೇ ಚಿಂತೆ ಅವರನ್ನು ಬಿಡಲಿಲ್ಲ: ಅನ್ನ, ಅಕ್ಷರ, ಕಸುಬು ದೊರೆತವು, ಅಂತರಂಗ ಬೆಳೆಯಿತೇ?

1905ರ ಜನವರಿಯಲ್ಲಿ ಅವರು ನಿತ್ಯಪ್ರಾರ್ಥನೆಗೆ ಕರೆಯಿತ್ತರು. ಪರಮತದವರನ್ನು ಸೆಳೆಯಲೆಂದಲ್ಲ, ತಮ್ಮನ್ನೂ ಒಳಗೊಂಡು ಭಾರತದ ಸಮಸ್ತ ಕ್ರೈಸ್ತರೂ ನಿಜಾರ್ಥದಲ್ಲಿ ಪರಿವರ್ತಿತರಾಗಲಿ, ಎಲ್ಲ ದೇಶಗಳ ವಿಶ್ವಾಸಿಗಳ ಮೇಲೂ ಪವಿತ್ರಾತ್ಮ ಇಳಿಯಲಿ ಎಂದು. ಮೊದಲು ಸೇರಿದವರು ಸುಮಾರು 70 ಮಂದಿ. ಜೂನ್ ವೇಳೆಗೆ 550 ಮಂದಿ ದಿನಕ್ಕೆರಡು ಬಾರಿ ಕೂಡುತ್ತಿದ್ದರು. ಬೇರೆಡೆಯ ವಿಶ್ವಾಸಿಗಳ ಹೆಸರುಗಳನ್ನು ಪಟ್ಟಿಮಾಡಿಕೊಂಡು, ಎಂದೂ ಕಾಣದ ಅವರಿಗಾಗಿ ಹೆಸರು ಹಿಡಿದು ಬೇಡಿದರು. ನಮ್ಮವರಿಗಾಗಿ ನಾವು ಸಾಮಾನ್ಯವಾಗಿ ಬೇಡುವುದು ನೌಕರಿ, ಮದುವೆ, ಆರೋಗ್ಯ, ಅಲ್ಲವೇ?

ಜೂನ್ ಕೊನೆಯಲ್ಲಿ ಸದನದಲ್ಲಿ ಜಾಗೃತಿಯ ಅಲೆಯೆದ್ದಿತು. ಹುಡುಗಿಯರು ಅತ್ತು ತಪ್ಪೊಪ್ಪಿಕೊಂಡರು, ಗಂಟೆಗಟ್ಟಲೆ ಪ್ರಾರ್ಥಿಸಿದರು. ಇದು ಭಾವೋದ್ರೇಕವೆಂದು ಕೆಲವು ಮಿಷನರಿಗಳೇ ಸಂಶಯಪಟ್ಟರು. ಆದರೆ ಭಾರತದ ಹೆಣ್ಣುಮಕ್ಕಳು ತಮ್ಮದೇ ರೀತಿಯಲ್ಲಿ ದೇವರನ್ನು ಕರೆಯುವುದನ್ನು ರಮಾಬಾಯಿಯವರು ತಡೆಯಲಿಲ್ಲ.

ಮುಂದೆ ಮಗಳು ಮನೋರಮಾಳ ನೆರವಿನಿಂದ ಗುಲ್ಬರ್ಗದಲ್ಲಿಯೂ ಶಾಲೆಯನ್ನು ಆರಂಭಿಸಿ, ಕನ್ನಡ ನೆಲದ ನಂಟನ್ನು ಉಳಿಸಿಕೊಂಡರು. 1921ರಲ್ಲಿ ಆ ಒಬ್ಬಳೇ ಮಗಳು ತೀರಿಕೊಂಡಳು. ಓದು ಕಡಿಮೆಯಿದ್ದ ಹೆಂಗಸರೂ ಸ್ವತಃ ಓದಿ ಅರಿಯಲೆಂದು, ಹೀಬ್ರೂ, ಗ್ರೀಕ್ ಕಲಿತು ಸುಲಭ ಮರಾಠಿಯಲ್ಲಿ ಕೈಗೊಂಡಿದ್ದ ಬೈಬಲ್ ಅನುವಾದವನ್ನು ತಾಯಿ ಪೂರೈಸಿ, 1922ರ ಏಪ್ರಿಲ್ 5ರಂದು ಕಣ್ಮುಚ್ಚಿದರು. 1924ರಲ್ಲಿ ಆ ಗ್ರಂಥವು ಹೊರಬಂದಿತು; ಮುಕ್ತಿಯ ಮುದ್ರಣಾಲಯದಲ್ಲಿ ಅದನ್ನು ಅಚ್ಚುಮಾಡಿದವರು ಅಲ್ಲಿಯ ಹೆಣ್ಣುಮಕ್ಕಳೇ.