ಅಲ್ಯೂಮಿನಿಯಂ ಕ್ಯಾನ್ ನಿಜಕ್ಕೂ ಪರಿಸರಸ್ನೇಹಿಯೇ? ಉತ್ತರ ಚಾರ್ಲ್ಸ್ ಹಾಲ್ ಕಥೆಯಲ್ಲಿದೆ

ಪ್ಲಾಸ್ಟಿಕ್ ಬಾಟಲಿ ಬಿಡಿ, ಅಲ್ಯೂಮಿನಿಯಂ ಕ್ಯಾನ್ ಕೊಳ್ಳಿ, ಅದು ಪರಿಸರಸ್ನೇಹಿ ಎಂಬ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದು ಅರ್ಧ ಸತ್ಯ. ಉಳಿದರ್ಧ ತಿಳಿಯಬೇಕಾದರೆ ಈ ಲೋಹವನ್ನು ಅಗ್ಗವಾಗಿಸಿದ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್ ಅವರ ಬದುಕನ್ನು ನೋಡಬೇಕು.

ಬೆಳ್ಳಿಯಷ್ಟು ದುಬಾರಿಯಾಗಿದ್ದ ಲೋಹ

ಹಾಲ್ ಹುಟ್ಟಿದ್ದು 1863ರ ಡಿಸೆಂಬರ್ 6ರಂದು, ಒಹಾಯೊ ರಾಜ್ಯದಲ್ಲಿ. ತಂದೆ ಪಾದ್ರಿ. ಮನೆಯಲ್ಲಿದ್ದ ತಂದೆಯ ಹಳೆಯ ರಸಾಯನಶಾಸ್ತ್ರದ ಪುಸ್ತಕ ಓದಿ ಹುಡುಗನಿಗೆ ಪ್ರಯೋಗಗಳ ಹುಚ್ಚು ಹಿಡಿಯಿತು. ಮುಂದೆ ಓಬರ್ಲಿನ್ ಕಾಲೇಜು ಸೇರಿದಾಗ ಫ್ರಾಂಕ್ ಜ್ಯುವೆಟ್ ಎಂಬ ಪ್ರಾಧ್ಯಾಪಕರು ಸಿಕ್ಕರು. ಅಲ್ಯೂಮಿನಿಯಂ ಅನ್ನು ಅಗ್ಗವಾಗಿ ತಯಾರಿಸುವ ದಾರಿ ಕಂಡುಹಿಡಿದವರ ಅದೃಷ್ಟ ಖುಲಾಯಿಸುತ್ತದೆ ಎಂದು ಅವರು ತರಗತಿಯಲ್ಲಿ ಹೇಳಿದ್ದು ಹಾಲ್ ತಲೆಯಲ್ಲಿ ಕೂತುಬಿಟ್ಟಿತು.

ಭೂಮಿಯ ಹೊರಪದರದಲ್ಲಿ ಅತಿ ಹೆಚ್ಚು ಇರುವ ಲೋಹ ಅಲ್ಯೂಮಿನಿಯಂ. ಆದರೆ ಅದು ಆಮ್ಲಜನಕವನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆ ಎಂದರೆ, ಬೇರ್ಪಡಿಸುವುದು ಆ ಕಾಲಕ್ಕೆ ಭಾರಿ ಖರ್ಚಿನ ಕೆಲಸವಾಗಿತ್ತು. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಅಲ್ಯೂಮಿನಿಯಂ ಶಿಖರ ಇಟ್ಟಾಗ ಅದರ ಬೆಲೆ ಹೆಚ್ಚುಕಡಿಮೆ ಬೆಳ್ಳಿಯಷ್ಟಿತ್ತು.

ಸೌದೆ ಕೊಟ್ಟಿಗೆಯ ಪ್ರಯೋಗ

1885ರಲ್ಲಿ ಪದವಿ ಮುಗಿಸಿದ ಹಾಲ್, ಮನೆಯ ಸೌದೆ ಕೊಟ್ಟಿಗೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. ಬ್ಯಾಟರಿಗಳನ್ನು ಕೈಯಾರೆ ತಯಾರಿಸಿದರು. ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದ ಅಕ್ಕ ಜೂಲಿಯಾ ಜೊತೆಗಿದ್ದರು. ಅಲ್ಯೂಮಿನಿಯಂ ಆಕ್ಸೈಡನ್ನು ಕರಗಿದ ಕ್ರಯೋಲೈಟ್ ಎಂಬ ಖನಿಜದಲ್ಲಿ ಬೆರೆಸಿ ವಿದ್ಯುತ್ ಹರಿಸುವುದು ಅವರ ಉಪಾಯ. ಮೊದಮೊದಲು ಮಣ್ಣಿನ ಪಾತ್ರೆಯ ಸಿಲಿಕಾ ಕರಗಿ ಎಲ್ಲ ಕೆಡುತ್ತಿತ್ತು. ಪಾತ್ರೆಗೆ ಇಂಗಾಲದ ಒಳಪದರ ಕೊಟ್ಟ ಮೇಲೆ, 1886ರ ಫೆಬ್ರವರಿ 23ರಂದು ಅಲ್ಯೂಮಿನಿಯಂನ ಪುಟ್ಟ ಗುಂಡುಗಳು ಸಿಕ್ಕವು. ಆಗ ಹಾಲ್‌ಗೆ 22 ವರ್ಷ.

ಅದೇ ವರ್ಷ ಫ್ರಾನ್ಸ್‌ನಲ್ಲಿ ಪಾಲ್ ಹೆರೂ ಕೂಡ ಇದೇ ವಿಧಾನ ಕಂಡುಕೊಂಡಿದ್ದರು. ಪೇಟೆಂಟ್ ವ್ಯಾಜ್ಯ ಎದ್ದಾಗ ಅಕ್ಕ ಬರೆದಿಟ್ಟಿದ್ದ ಪ್ರಯೋಗದ ವಿವರಗಳು ನೆರವಿಗೆ ಬಂದವು. 1889ರಲ್ಲಿ ಅಮೆರಿಕದ ಪೇಟೆಂಟ್ ಹಾಲ್‌ಗೆ ಸಿಕ್ಕಿತು. ವಿಧಾನಕ್ಕೆ ಇಂದಿಗೂ ಹಾಲ್-ಹೆರೂ ಎಂದು ಇಬ್ಬರ ಹೆಸರೂ ಇದೆ.

ಜಲಪಾತದ ಪಕ್ಕಕ್ಕೆ ಹೋದ ಕಾರ್ಖಾನೆ

1888ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಶುರುವಾದ ಹಾಲ್ ಮತ್ತು ಪಾಲುದಾರರ ಕಂಪನಿಯೇ ಮುಂದೆ ಅಲ್ಕೋವಾ ಆಯಿತು. ಬೆಲೆ ಸರ್ರನೆ ಇಳಿಯಿತು. ಆದರೆ ಈ ವಿಧಾನ ವಿದ್ಯುತ್ತನ್ನು ಕುಡಿಯುತ್ತದೆ. ಅದಕ್ಕಾಗಿಯೇ ಕಂಪನಿ 1895ರಲ್ಲಿ ನಯಾಗರಾ ಜಲಪಾತದ ಜಲವಿದ್ಯುತ್ ಕೇಂದ್ರದ ಮೊದಲ ಗ್ರಾಹಕರಲ್ಲಿ ಒಂದಾಯಿತು.

ಹಾಲ್ ಮದುವೆಯಾಗಲಿಲ್ಲ. ರಕ್ತದ ಕ್ಯಾನ್ಸರ್‌ನಿಂದ 1914ರ ಡಿಸೆಂಬರ್ 27ರಂದು, 51ನೇ ವಯಸ್ಸಿನಲ್ಲಿ ತೀರಿಕೊಂಡರು. ಆಸ್ತಿಯ ದೊಡ್ಡ ಪಾಲನ್ನು ಓಬರ್ಲಿನ್ ಕಾಲೇಜಿಗೆ ಮತ್ತು ಬೇರೆ ಶಿಕ್ಷಣ ಕಾರ್ಯಗಳಿಗೆ ಬರೆದಿಟ್ಟಿದ್ದರು. ವಿಚಿತ್ರವೆಂದರೆ ಹೆರೂ ಕೂಡ ಹುಟ್ಟಿದ್ದು 1863ರಲ್ಲಿ, ತೀರಿಕೊಂಡದ್ದು 1914ರಲ್ಲಿ.

ಪಾನೀಯದ ಅಲ್ಯೂಮಿನಿಯಂ ಕ್ಯಾನನ್ನು ಹಾಲ್ ನೋಡಲೇ ಇಲ್ಲ. 1959ರಲ್ಲಿ ಅಮೆರಿಕದ ಕೂರ್ಸ್ ಬಿಯರ್ ಕಂಪನಿ ಪೂರ್ತಿ ಅಲ್ಯೂಮಿನಿಯಂನ ಕ್ಯಾನ್ ತಂದಿತು. ಖಾಲಿ ಕ್ಯಾನ್ ವಾಪಸ್ ಕೊಟ್ಟವರಿಗೆ ತಲಾ ಒಂದು ಸೆಂಟ್ ಕೊಡುತ್ತಿತ್ತು.

ಹಾಗಾದರೆ ನಿಜ ಏನು?

ಹಾಲ್ ಕಾಲದ ವಿಧಾನವೇ ಇಂದಿಗೂ ನಡೆಯುತ್ತಿದೆ. ಒಂದು ಟನ್ ಹೊಸ ಅಲ್ಯೂಮಿನಿಯಂಗೆ ಸುಮಾರು ನಾಲ್ಕು ಟನ್ ಬಾಕ್ಸೈಟ್ ಅದಿರು ಬೇಕು. ಅದಿರನ್ನು ಶುದ್ಧ ಮಾಡುವಾಗ ಕ್ಷಾರಭರಿತ ಕೆಂಪು ಕೆಸರು ಉಳಿಯುತ್ತದೆ. ಆಮೇಲೆ ಕೆ.ಜಿ.ಗೆ ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಒಂದು ಖಾಲಿ ಕ್ಯಾನ್‌ನ ತೂಕ ಸುಮಾರು 14 ಗ್ರಾಂ. ಅಂದರೆ ಹೊಸ ಲೋಹದ ಒಂದು ಕ್ಯಾನ್‌ಗೆ ತಗಲುವ ವಿದ್ಯುತ್ತಿನಲ್ಲಿ 10 ವ್ಯಾಟ್‌ನ ಎಲ್‌ಇಡಿ ಬಲ್ಬ್ ಸುಮಾರು 20 ಗಂಟೆ ಉರಿಯುತ್ತದೆ!

ಹಳೆಯ ಕ್ಯಾನ್ ಕರಗಿಸುವಾಗ ಆಮ್ಲಜನಕದ ಜೊತೆ ಆ ಗುದ್ದಾಟ ಬೇಕಿಲ್ಲ. ಲೋಹ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅಷ್ಟೆ. ಹೀಗಾಗಿ ಸುಮಾರು 95% ಶಕ್ತಿ ಉಳಿಯುತ್ತದೆ. ಕರಗಿಸುವಾಗ ಸ್ವಲ್ಪ ಲೋಹ ನಷ್ಟವಾದರೂ ಗುಣ ಕೆಡುವುದಿಲ್ಲ, ಮತ್ತೆ ಮತ್ತೆ ಕ್ಯಾನ್ ಮಾಡಬಹುದು.

ಆದ್ದರಿಂದ ಕ್ಯಾನ್ ತಾನಾಗಿಯೇ ಪರಿಸರಸ್ನೇಹಿ ಅಲ್ಲ. ಕರಗಿಸುವ ಕುಲುಮೆಗೆ ವಾಪಸ್ ಹೋದರೆ ಮಾತ್ರ ಅದು ಪರಿಸರಸ್ನೇಹಿ. ಚರಂಡಿಗೋ ಕಸದ ಗುಡ್ಡೆಗೋ ಎಸೆದರೆ, ಹಾಲ್ ನಯಾಗರಾದವರೆಗೆ ಹುಡುಕಿಕೊಂಡು ಹೋದ ವಿದ್ಯುತ್ತನ್ನು ಇನ್ನೊಮ್ಮೆ ಮೊದಲಿನಿಂದ ಸುರಿಯಬೇಕು.

ನಿಮ್ಮಿಂದ ಆಗುವುದು ಇಷ್ಟು: ಕುಡಿದ ಮೇಲೆ ಕ್ಯಾನ್ ತೊಳೆದು, ಒಣ ಕಸದಲ್ಲಿ ಬೇರೆ ಇಡಿ ಅಥವಾ ಗುಜರಿಗೆ ಕೊಡಿ. ಮುಂದಿನ ಸಲ ಆ ಫಾರ್ವರ್ಡ್ ಬಂದರೆ, ಈ ಉಳಿದರ್ಧವನ್ನೂ ಸೇರಿಸಿ ಕಳಿಸಿ.