ಕಲ್ಲು ತುಂಬಿದ ಚೀಲ

ಎವರೆಸ್ಟ್ ಶಿಖರದ ತುದಿಯಲ್ಲಿ ಉಸಿರಾಟಕ್ಕೆ ದೊರೆಯುವ ಆಮ್ಲಜನಕವು ಸಮುದ್ರಮಟ್ಟದಲ್ಲಿ ದೊರೆಯುವುದರ ಮೂರನೆಯ ಒಂದು ಪಾಲು ಮಾತ್ರ. ತಗ್ಗಿನ ನಾಡಿನ ಮನುಷ್ಯನನ್ನು ಒಮ್ಮೆಗೇ ಅಲ್ಲಿಗೆ ಒಯ್ದು ನಿಲ್ಲಿಸಿದರೆ ಕೆಲವೇ ನಿಮಿಷಗಳಲ್ಲಿ ಆತ ಪ್ರಜ್ಞೆ ತಪ್ಪುತ್ತಾನೆ. ಅಂತಹ ಎಡೆಗೆ ಆರು ಸಲ ಹೊರಟು ಹಿಂದಿರುಗಿ, ಏಳನೆಯ ಸಲ ಗುರಿ ಮುಟ್ಟಿದ ಸಾಹಸಿ ತೇನ್‌ಸಿಂಗ್ ನೋರ್ಗೆ.

1914ರಲ್ಲಿ ಜನಿಸಿದ ಅವರು ಬೆಳೆದದ್ದು ಎವರೆಸ್ಟಿನ ಸಮೀಪದ ಖುಂಬು ಪ್ರದೇಶದಲ್ಲಿ. ಯಾಕ್ ಹಿಂಡುಗಳನ್ನು ಮೇಯಿಸುತ್ತ ಬಾಲಕನು ದಿನವೂ ಏರಿಳಿಯುತ್ತಿದ್ದ ಇಳಿಜಾರುಗಳಲ್ಲಿ ಹೊರಗಿನಿಂದ ಬಂದವರು ನಾಲ್ಕು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದರು. ಎತ್ತರಕ್ಕೆ ಏರಿದ ಹೊರಗಿನವರ ದೇಹದಲ್ಲಿ ಮೊದಲು ಉಸಿರಾಟವೂ ಎದೆಬಡಿತವೂ ಹೆಚ್ಚುತ್ತವೆ. ವಾರಗಳು ಕಳೆದಂತೆ ರಕ್ತದಲ್ಲಿ ಕೆಂಪುಕಣಗಳು ಹೆಚ್ಚುತ್ತವೆ. ಇವು ಮಿತಿಮೀರಿದರೆ ರಕ್ತವು ಮಂದವಾಗಿ ಹರಿಯುವುದೇ ಕಷ್ಟವಾಗುತ್ತದೆ. ಶೆರ್ಪಾಗಳ ದೇಹ ಹಿಡಿದಿರುವ ದಾರಿ ಬೇರೆ. ಅವರಲ್ಲಿ ಕೆಂಪುಕಣಗಳು ಅಷ್ಟಾಗಿ ಏರುವುದಿಲ್ಲ. ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತವು ಸರಾಗವಾಗಿ ಹರಿಯುತ್ತದೆ. ಸ್ನಾಯುಗಳು ದೊರೆತಷ್ಟು ಆಮ್ಲಜನಕವನ್ನೇ ಮಿತವ್ಯಯದಿಂದ ಬಳಸಿಕೊಳ್ಳುತ್ತವೆ. ಟಿಬೆಟಿನ ಎತ್ತರದಲ್ಲಿ ಸಾವಿರಾರು ವರ್ಷ ಬಾಳಿದ ಪೂರ್ವಿಕರಿಂದ ಬಂದ ಬಳುವಳಿ ಇದು.

ಆದರೆ ಶೆರ್ಪಾ ಎಂದರೆ ಬೆಟ್ಟ ಹತ್ತಲೆಂದೇ ಹುಟ್ಟಿದವನು, ಅವನಿಗೆ ಶ್ರಮವಿಲ್ಲ ಎಂಬ ಎಣಿಕೆ ಅರ್ಧಸತ್ಯವೇ ಸರಿ. ಎಂಟು ಸಾವಿರ ಮೀಟರಿನ ಮೇಲೆ ಯಾರ ದೇಹವೂ ಬಹುಕಾಲ ನಿಲ್ಲಲಾರದು. ಸುಮ್ಮನೆ ಮಲಗಿದ್ದರೂ ಅದು ದಿನದಿನಕ್ಕೆ ಕ್ಷೀಣಿಸುತ್ತದೆ.

ತೇನ್‌ಸಿಂಗ್ ಇದನ್ನು ಸ್ವಾನುಭವದಿಂದ ಅರಿತಿದ್ದರು. 1952ರ ಮೇ ತಿಂಗಳಲ್ಲಿ ಸ್ವಿಟ್ಜರ್‌ಲೆಂಡಿನ ರೇಮಂಡ್ ಲ್ಯಾಂಬರ್ಟರೊಡನೆ ಸುಮಾರು 8,400 ಮೀಟರ್ ಎತ್ತರದಲ್ಲಿ ಒಂದು ರಾತ್ರಿ ಕಳೆಯಬೇಕಾಯಿತು. ಮಲಗುವ ಚೀಲವಿಲ್ಲ, ಒಲೆಯಿಲ್ಲ. ಮೇಣದ ಬತ್ತಿಯ ಉರಿಯಲ್ಲಿ ಮಂಜುಗಡ್ಡೆ ಕರಗಿಸಿ ಗುಟುಕು ನೀರು ಕುಡಿದರು. ಆಮ್ಲಜನಕದ ಉಪಕರಣವೋ, ನಿಂತಾಗ ಮಾತ್ರ ಉಪಯೋಗಕ್ಕೆ ಬರುತ್ತಿತ್ತು! ಮರುದಿನ 8,600 ಮೀಟರಿನ ಸಮೀಪದವರೆಗೆ ತೆವಳಿದಂತೆ ಸಾಗಿ, ಅಲ್ಲಿಂದ ಹಿಂದಿರುಗಿದರು. ಅದೇ ವರ್ಷದ ಶರತ್ಕಾಲದಲ್ಲಿ ಮತ್ತೊಂದು ಯತ್ನ. ಅದೂ ಚಳಿಗಾಳಿಗೆ ಸಿಕ್ಕಿ ವಿಫಲವಾಯಿತು.

ಆ ಎರಡು ಯಾತ್ರೆಗಳಿಂದ ಬಳಲಿದ ದೇಹವನ್ನು ಮಲೇರಿಯಾ ಹಿಡಿಯಿತು. ಪಟ್ನಾದ ಆಸ್ಪತ್ರೆಯಿಂದ ಡಾರ್ಜಿಲಿಂಗಿಗೆ ಬಂದಾಗ ಮೈ ಸೊರಗಿಹೋಗಿತ್ತು. ವಯಸ್ಸು ನಲವತ್ತರ ಹತ್ತಿರ. ಅಷ್ಟರಲ್ಲಿ ಬ್ರಿಟಿಷ್ ತಂಡದ ಕರೆ ಬಂದಿತು. ಈ ನಿಶ್ಶಕ್ತಿಯಲ್ಲಿ ಹೋಗುವುದು ಪ್ರಾಣಕ್ಕೇ ಅಪಾಯವೆಂದು ಪತ್ನಿ ಆಂಗ್ ಲ್ಹಾಮು ತಡೆದರು. ಅವರ ಭಯ ನಿರಾಧಾರವಾಗಿರಲಿಲ್ಲ. ಆದರೂ ತೇನ್‌ಸಿಂಗ್ ನಿಲ್ಲಲಿಲ್ಲ. ನಸುಕಿನಲ್ಲೆದ್ದು, ಬೆನ್ನಚೀಲಕ್ಕೆ ಕಲ್ಲು ತುಂಬಿ, ಊರಿನ ಗುಡ್ಡಗಳನ್ನು ಏರಿ ಇಳಿಯತೊಡಗಿದರು. ಕಳೆದುಹೋದ ಬಲವನ್ನು ಹೀಗೆ ಹೆಜ್ಜೆಹೆಜ್ಜೆಯಾಗಿ ಮರಳಿ ಪಡೆದರು.

1953ರ ತಂಡದಲ್ಲಿ ಗ್ರಿಫಿತ್ ಪ್ಯೂ ಎಂಬ ಶರೀರಶಾಸ್ತ್ರಜ್ಞರಿದ್ದರು. ಒಣಗಾಳಿಯಲ್ಲಿ ಉಸಿರಿನ ಮೂಲಕವೇ ದೇಹದ ನೀರು ಹೊರಹೋಗುವುದರಿಂದ ಯಥೇಚ್ಛವಾಗಿ ನೀರು ಕುಡಿಯಬೇಕೆಂದೂ, ಏರುವ ಮುನ್ನ ವಾರಗಟ್ಟಲೆ ಎತ್ತರಕ್ಕೆ ಒಗ್ಗಿಕೊಳ್ಳಬೇಕೆಂದೂ ಅವರು ವಿಧಿಸಿದರು. ಮೇ 29ರ ಬೆಳಗಿನ ಆರೂವರೆಗೆ ತೇನ್‌ಸಿಂಗ್ ಮತ್ತು ಎಡ್ಮಂಡ್ ಹಿಲರಿ ಕೊನೆಯ ಡೇರೆಯಿಂದ ಹೊರಟರು. ದಾರಿಯಲ್ಲಿ ತೇನ್‌ಸಿಂಗರ ನಡಿಗೆ ಏಕಾಏಕಿ ಕುಂಠಿತವಾಯಿತು. ಹಿಲರಿ ಪರೀಕ್ಷಿಸಿದಾಗ, ಉಸಿರು ಹೊರಹೋಗುವ ನಳಿಗೆಯಲ್ಲಿ ಮಂಜು ಹೆಪ್ಪುಗಟ್ಟಿತ್ತು. ಅದನ್ನು ತೆಗೆದೊಡನೆ ಕಾಲಿಗೆ ಕಸುವು ಮರಳಿತು. ಬೆಳಗಿನ ಹನ್ನೊಂದೂವರೆಗೆ ಇಬ್ಬರೂ ತುದಿಯ ಮೇಲಿದ್ದರು. ಅಲ್ಲಿದ್ದುದು ಕಾಲು ಗಂಟೆ ಮಾತ್ರ. ದೇಹಕ್ಕೆ ಅದಕ್ಕಿಂತ ಹೆಚ್ಚಿನ ಬಿಡುವನ್ನು ಆ ಎತ್ತರ ಕೊಡುವುದಿಲ್ಲ.

ಮರುವರ್ಷ ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಸ್ಥಾಪನೆಯಾಯಿತು. ತೇನ್‌ಸಿಂಗ್ ಅಲ್ಲಿನ ಕ್ಷೇತ್ರ ತರಬೇತಿಯ ನಿರ್ದೇಶಕರಾದರು. ತಗ್ಗುನಾಡಿನ ತರುಣರನ್ನು ಎತ್ತರದ ಗಾಳಿಗೆ ಒಗ್ಗಿಸುವ ಕೆಲಸದಲ್ಲಿ ಅವರು ಬಹುಕಾಲ ದುಡಿದರು. 1986ರ ಮೇ 9ರಂದು ಅದೇ ಊರಿನಲ್ಲಿ ಅವರು ನಿಧನರಾದರು.