ಕೋಳಿಗೂಡಿನಲ್ಲಿ ಆಸ್ಪತ್ರೆ ತೆರೆದ ಡಾಕ್ಟರು

ಈ ಸಲದ ಗೋಡೆಪತ್ರಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಂಡು ಬಾ ಎಂದು ಕನ್ನಡ ಮೇಷ್ಟ್ರು ಹೇಳಿದಾಗ ನಾನು ಡಾಕ್ಟರ್ ಆಲ್ಬರ್ಟ್ ಶ್ವೈಟ್ಜರ್ ಅವರನ್ನು ಆರಿಸಿಕೊಂಡೆ. ಅದಕ್ಕೆ ಕಾರಣ ನಮ್ಮ ತಾತ. ಅದನ್ನು ಆಮೇಲೆ ಹೇಳ್ತೀನಿ.

ಶ್ವೈಟ್ಜರ್ ಹುಟ್ಟಿದ್ದು 1875ರ ಜನವರಿ 14ರಂದು, ಯುರೋಪಿನ ಆಲ್ಸೇಸ್ ಎಂಬ ಸೀಮೆಯಲ್ಲಿ. ಆಗ ಅದು ಜರ್ಮನಿಗೆ ಸೇರಿತ್ತು, ಈಗ ಫ್ರಾನ್ಸಿನಲ್ಲಿದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ತಂದೆ ಒಂದು ಹಳ್ಳಿಯ ಚರ್ಚಿನಲ್ಲಿ ಪಾದ್ರಿ. ಹುಡುಗನಿಗೆ ಚಿಕ್ಕಂದಿನಿಂದ ಆರ್ಗನ್ ನುಡಿಸುವ ಹುಚ್ಚು. ಆರ್ಗನ್ ಅಂದರೆ ನಮ್ಮ ಭಜನೆ ಮನೆಯ ಹಾರ್ಮೋನಿಯಂಗೆ ದೊಡ್ಡಪ್ಪ ಇದ್ದ ಹಾಗೆ. ಗೋಡೆಯೆತ್ತರ ಇರುತ್ತೆ, ಕೈ ಕಾಲು ಎರಡರಿಂದಲೂ ನುಡಿಸಬೇಕು. ಮೂವತ್ತು ವರ್ಷ ತುಂಬುವ ಹೊತ್ತಿಗೆ ಅವರು ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದರು, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು, ಬಾಖ್ ಎಂಬ ಸಂಗೀತಗಾರರ ಮೇಲೆ ಪುಸ್ತಕ ಬರೆದಿದ್ದರು.

ಆದರೆ 21ನೇ ವಯಸ್ಸಿನಲ್ಲೇ ಅವರು ಒಂದು ನಿರ್ಧಾರ ಮಾಡಿದ್ದರು. ಮೂವತ್ತರವರೆಗೆ ಓದು, ಸಂಗೀತ. ಆಮೇಲೆ ಜನರ ಸೇವೆ. ಇಂಥ ನಿರ್ಧಾರ ನಾವೂ ಹೊಸ ವರ್ಷದ ದಿನ ಮಾಡ್ತೀವಿ, ವಾರಕ್ಕೆ ಮರೀತೀವಿ. ಅವರು ಮರೆಯಲಿಲ್ಲ. 1904ರಲ್ಲಿ ಒಂದು ಪತ್ರಿಕೆ ಕೈಗೆ ಬಂತು. ಆಫ್ರಿಕಾದ ಗೆಬಾನ್‌ನಲ್ಲಿ ಕೆಲಸಕ್ಕೆ ಜನರಿಲ್ಲ ಎಂದು ಅದರಲ್ಲಿ ಬರೆದಿತ್ತು. 1905ರಲ್ಲಿ ಅವರು ವೈದ್ಯಕೀಯ ಓದಲು ಸೇರಿಬಿಟ್ಟರು! ಮೇಷ್ಟ್ರಾಗಿದ್ದವರು ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂತರು. ನೆಂಟರು, ಸ್ನೇಹಿತರು ಎಲ್ಲರೂ ಬೈದರು.

ಓದು ಮುಗಿಯಿತು, ಹಣ ಬೇಕಲ್ಲ? ಪ್ಯಾರಿಸ್ಸಿನ ಮಿಷನ್‌ನವರಿಗೆ ಇವರ ಧಾರ್ಮಿಕ ವಿಚಾರಗಳ ಮೇಲೆ ಅನುಮಾನ. ಬೋಧನೆ ಮಾಡುವುದಿಲ್ಲ, ವೈದ್ಯ ಮಾತ್ರ ಆಗಿರ್ತೀನಿ, ಖರ್ಚೂ ನನ್ನದೇ ಎಂದು ಒಪ್ಪಿಕೊಂಡ ಮೇಲೆ ಜಾಗ ಕೊಟ್ಟರು. ಆಗ ಶ್ವೈಟ್ಜರ್ ಪರಿಚಯದವರ ಮನೆ ಮನೆಗೆ ಹೋಗಿ ಬೇಡಿದರು. ಸುಮ್ಮನೆ ಭೇಟಿಗೆ ಬಂದಿಲ್ಲ, ದುಡ್ಡು ಕೇಳಲು ಬಂದಿದ್ದಾರೆ ಅಂತ ಗೊತ್ತಾದ ಕೂಡಲೇ ಕೆಲವರ ಧಾಟಿಯೇ ಬದಲಾಗುತ್ತಿತ್ತು ಎಂದು ಅವರೇ ಬರೆದಿದ್ದಾರೆ. ಗಣೇಶನ ಚಂದಾ ಎತ್ತಲು ಹೋದವರಿಗೆ ಇದು ಚೆನ್ನಾಗಿ ಗೊತ್ತಿರುತ್ತೆ. ಹಾಗೂ ಬಹಳ ಜನ ಕೊಟ್ಟರು. ಕಚೇರಿಗಳಿಂದಲೂ ಹಣ ಬಂತು. ಪ್ಯಾರಿಸ್ಸಿನ ಸಂಗೀತ ಸಂಘದವರು ಕಾಡಿನ ತೇವಕ್ಕೆ ಹಾಳಾಗದಂತೆ ಸತುವಿನ ಹೊದಿಕೆ ಹಾಕಿದ, ಕಾಲಿನಲ್ಲೂ ನುಡಿಸಬಹುದಾದ ಒಂದು ಪಿಯಾನೋ ಕೊಟ್ಟರು. 1913ರಲ್ಲಿ ಹೆಂಡತಿ ಹೆಲೆನ್ ಜೊತೆ, 70 ಪೆಟ್ಟಿಗೆ ಸಾಮಾನು ಕಟ್ಟಿಕೊಂಡು ಹೊರಟರು. ಹೆಲೆನ್ ಅವರೂ ಇದಕ್ಕಾಗಿಯೇ ನರ್ಸ್ ತರಬೇತಿ ಪಡೆದಿದ್ದರು.

ಲಾಂಬರೆನೆ ಎಂಬ ಊರು ಒಗೊವೆ ನದಿಯ ದಡದಲ್ಲಿದೆ, ಭೂಮಧ್ಯರೇಖೆಯ ಪಕ್ಕದಲ್ಲೇ. ಸುತ್ತ ದಟ್ಟ ಕಾಡು. ಅಲ್ಲಿಗೆ ಹೋದರೆ ಆಸ್ಪತ್ರೆಗೆ ಕಟ್ಟಡವೇ ಇಲ್ಲ! ಮೊದಲು ಬಯಲಲ್ಲೇ ಕೂತು ನೋಡಿದರು. ಆಮೇಲೆ ಒಂದು ಹಳೇ ಕೋಳಿಗೂಡಿಗೆ ಸುಣ್ಣ ಬಳಿದು ಅದನ್ನೇ ಆಸ್ಪತ್ರೆ ಮಾಡಿಕೊಂಡರು. ಸೂರಿನಲ್ಲಿ ತೂತುಗಳಿದ್ದವು, ಬಿಸಿಲು ಬೀಳುತ್ತೆ ಅಂತ ಟೋಪಿ ಹಾಕಿಕೊಂಡೇ ಕೆಲಸ ಮಾಡಬೇಕಿತ್ತು. ಮೊದಲ ಒಂಬತ್ತು ತಿಂಗಳಲ್ಲಿ ಸುಮಾರು 2000 ರೋಗಿಗಳು ಬಂದರು. ಮಲೇರಿಯಾ, ಕುಷ್ಠ, ನಿದ್ರಾರೋಗ, ಹುಣ್ಣು, ಆಮಶಂಕೆ. ದೋಣಿಯಲ್ಲಿ ದಿನಗಟ್ಟಲೆ ಬರುವವರೂ ಇದ್ದರು. ಸಹಾಯಕ ಜೋಸೆಫ್ ಎಂಬವರು ಅಡುಗೆಯೂ ಮಾಡುತ್ತಿದ್ದರು, ರೋಗಿಗಳ ಭಾಷೆಯನ್ನೂ ತಿಳಿಸಿ ಹೇಳುತ್ತಿದ್ದರು. ಪ್ರತಿ ರೋಗಿಯ ಕೊರಳಿಗೂ ನಂಬರ್ ಬರೆದ ರಟ್ಟಿನ ಬಿಲ್ಲೆ ಕಟ್ಟುತ್ತಿದ್ದರು, ಜನ ಅದನ್ನು ತಾಯಿತದಂತೆ ಜೋಪಾನ ಮಾಡುತ್ತಿದ್ದರು. ಔಷಧಿ ಸೀಸೆ ಮಾತ್ರ ವಾಪಸ್ ತರುತ್ತಿರಲಿಲ್ಲ. ಡಾಕ್ಟರಿಗೆ ಅದೇ ದೊಡ್ಡ ತಲೆನೋವು!

ಅಲ್ಲಿ ಹೆಚ್ಚಾಗಿ ಮಾಡುತ್ತಿದ್ದ ಆಪರೇಷನ್ ಹರ್ನಿಯಾದ್ದು. ಈಗ ತಾತನ ವಿಷಯ. ನಮ್ಮ ತಾತ ಹರ್ನಿಯಾ ಇಟ್ಟುಕೊಂಡೇ ಎಂಟು ವರ್ಷ ಗದ್ದೆ ಕೆಲಸ ಮಾಡಿದರು, ಹೊಟ್ಟೆಗೆ ಪಂಚೆ ಬಿಗಿದುಕೊಂಡು. ಪೇಟೆಯ ಒಂದು ಆಸ್ಪತ್ರೆಯಲ್ಲಿ ಮೂರು ಸಲ ಮುಂದಿನ ವಾರ ಬನ್ನಿ ಅಂದರು. ನಾಲ್ಕನೇ ಸಲ ತಾತ ಹೋಗಲೇ ಇಲ್ಲ. ಹೋದ ವರ್ಷ ಉಚಿತ ಶಿಬಿರದಲ್ಲಿ ಆಪರೇಷನ್ ಆಯಿತು. ಎಚ್ಚರ ಬಂದ ಮೇಲೆ ತಾತ ನನ್ನನ್ನು ಕೇಳಿದ್ದು ಒಂದೇ, ಇದಕ್ಕೆ ದುಡ್ಡು ಕೊಟ್ಟವರು ಯಾರು ಅಂತ. ದಾನಿಗಳು ಅಂದೆ. ಅವರಿಗೆ ನನ್ನ ಪರಿಚಯ ಹೇಗೆ ಅಂದರು. ನಾನು ಸುಮ್ಮನಾದೆ.

ಲಾಂಬರೆನೆಯಲ್ಲೂ ಹಾಗೆಯೇ ಆಗಿತ್ತಂತೆ! ಆಪರೇಷನ್ ಆಗಿ ಎಚ್ಚರವಾದವರಿಗೆ ನೋವಿಲ್ಲ ಅಂತ ಗೊತ್ತಾದಾಗ ಅವರು ಡಾಕ್ಟರ ಕೈ ಹುಡುಕಿ ಹಿಡಿದುಕೊಂಡು ಬಿಡುತ್ತಿರಲಿಲ್ಲ. ಶ್ವೈಟ್ಜರ್ ಆಗ ಯೇಸುಸ್ವಾಮಿಯ ಹೆಸರು ಹೇಳಿ, ಯುರೋಪಿನಲ್ಲಿ ಇದಕ್ಕಾಗಿ ಹಣ ಕಳಿಸುವ ಜನರಿದ್ದಾರೆ ಎನ್ನುತ್ತಿದ್ದರು. ಅವರು ಯಾರು, ಎಲ್ಲಿರ್ತಾರೆ, ನಮಗೆ ಕಾಯಿಲೆ ಅಂತ ಅವರಿಗೆ ಹೇಗೆ ಗೊತ್ತಾಯಿತು ಎಂದು ರೋಗಿಗಳು ಕೇಳುತ್ತಿದ್ದರು. ಇದನ್ನು ಓದಿದ ದಿನವೇ ನಾನು ಇವರ ಬಗ್ಗೆ ಬರೆಯಬೇಕು ಅಂದುಕೊಂಡಿದ್ದು. ರೋಗಿಗಳೂ ಬರಿಗೈಯಲ್ಲಿ ಇರಬಾರದು ಅಂತ ಬಾಳೆಕಾಯಿ, ಮೊಟ್ಟೆ, ಕೋಳಿ, ಆದಷ್ಟು ಕಾಸು ತೆಗೆದುಕೊಳ್ಳುತ್ತಿದ್ದರು.

1914ರಲ್ಲಿ ಮಹಾಯುದ್ಧ ಬಂತು. ಆಲ್ಸೇಸ್ ಜರ್ಮನಿಯದು, ಗೆಬಾನ್ ಫ್ರಾನ್ಸಿನದು. ಹೀಗಾಗಿ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರು ಶತ್ರು ದೇಶದವರಾಗಿಬಿಟ್ಟರು! 1917ರಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೈದಿಗಳಾಗಿ ಯುರೋಪಿಗೆ ಸಾಗಿಸಿದರು. 1918ರಲ್ಲಿ ಬಿಡುಗಡೆಯಾದಾಗ ಮೈಯಲ್ಲಿ ರೋಗ, ತಲೆಯ ಮೇಲೆ ಆಸ್ಪತ್ರೆಯ ಸಾಲ. 1919ರಲ್ಲಿ ತಂದೆ ಹುಟ್ಟಿದ ತಾರೀಖಿನಂದೇ ಮಗಳು ರೇನಾ ಹುಟ್ಟಿದಳು. 1920ರಲ್ಲಿ ಸ್ವೀಡನ್ನಿಗೆ ಭಾಷಣಕ್ಕೆ ಕರೆದರು. ಸಾಲದ ವಿಷಯ ತಿಳಿದ ಅಲ್ಲಿನ ಆರ್ಚ್‌ಬಿಷಪ್ಪರು ಊರೂರಲ್ಲಿ ಆರ್ಗನ್ ಕಚೇರಿ ನಡೆಸಿ ಎಂದು ದಾರಿ ತೋರಿಸಿದರು. ಕೆಲವೇ ವಾರಗಳಲ್ಲಿ ಒತ್ತಾಯದ ಸಾಲವೆಲ್ಲ ತೀರಿತು. ಅಲ್ಲಿಂದ ಮುಂದೆ ಯುರೋಪಿಗೆ ಬಂದಾಗಲೆಲ್ಲ ಅವರಿಗೆ ಇದೇ ಕೆಲಸ, ಕಚೇರಿ, ಭಾಷಣ, ಪುಸ್ತಕ. ಬಂದದ್ದೆಲ್ಲ ಲಾಂಬರೆನೆಗೆ.

1924ರಲ್ಲಿ ಮತ್ತೆ ಹೋದಾಗ ಆಸ್ಪತ್ರೆಯನ್ನು ಕಾಡು ನುಂಗಿತ್ತು. ಹಗಲು ಮೇಸ್ತ್ರಿ ಕೆಲಸ ಮಾಡಿಸಿ, ರೋಗಿಗಳನ್ನೂ ನೋಡಿ, 1927ರಲ್ಲಿ ಬೇರೆ ಜಾಗದಲ್ಲಿ ದೊಡ್ಡ ಆಸ್ಪತ್ರೆ ಮಾಡಿದರು. ಆದರೆ ಆ ಸಲ ಹೆಲೆನ್ ಹೋಗಲಿಲ್ಲ, ಆರೋಗ್ಯ ಸರಿ ಇರಲಿಲ್ಲ. ಐದು ವರ್ಷದ ಮಗಳನ್ನು ಇಟ್ಟುಕೊಂಡು ಉಳಿದರು. ಇದನ್ನು ನಾನು ಅಮ್ಮನಿಗೆ ಓದಿ ಹೇಳಿದಾಗ ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿ, ಆ ಮಗು ಅಪ್ಪನ್ನ ಕೇಳ್ತಿರಲಿಲ್ವಾ ಎಂದರು.

1952ರ ನೊಬೆಲ್ ಶಾಂತಿ ಪ್ರಶಸ್ತಿ ಶ್ವೈಟ್ಜರ್ ಅವರಿಗೆ ಬಂತು. ಆ ಹಣದಲ್ಲಿ ಕುಷ್ಠರೋಗಿಗಳಿಗೆ ಮನೆಗಳಾದವು. ಆಮೇಲೆ ದೇಶ ದೇಶದಿಂದ ಜನ ನೋಡಲು ಬಂದರು. ಕೆಲವರು ಹೊಗಳಿದರು, ಕೆಲವರು ಮೂಗು ಮುರಿದರು. ಅಂಗಳದಲ್ಲಿ ಮೇಕೆ ಕೋಳಿ ಓಡಾಡ್ತವೆ, ವಾರ್ಡಿನಲ್ಲಿ ಕರೆಂಟಿಲ್ಲ ಅಂದರು. ಮನೆಯವರು ಜೊತೆಗಿದ್ದು ಅಡುಗೆ ಮಾಡಿಕೊಳ್ಳುವ ಹಾಗಿದ್ದರೇ ಹಳ್ಳಿಯ ರೋಗಿ ಧೈರ್ಯವಾಗಿ ಬರ್ತಾನೆ ಎಂಬುದು ಡಾಕ್ಟರ ಲೆಕ್ಕ. ಇದು ನನಗೂ ಸರಿ ಅನಿಸುತ್ತೆ, ತಾತನ ಮಂಚದ ಕೆಳಗೆ ನಾನೂ ಮಲಗಿದ್ದೆ. ಆದರೆ ಆಫ್ರಿಕದವರನ್ನು ಅವರು ತಮ್ಮಂದಿರ ಹಾಗೆ, ತನ್ನನ್ನು ಅಣ್ಣನ ಹಾಗೆ ಭಾವಿಸಿದ್ದರು. ಅಣ್ಣ ಹೇಳಿದ್ದೇ ನಡೆಯಬೇಕು. ಈ ಮಾತು ನನಗೆ ಹಿಡಿಸಲಿಲ್ಲ. 1960ರಲ್ಲಿ ಗೆಬಾನ್ ಸ್ವತಂತ್ರವಾಯಿತು. ಅಲ್ಲಿನ ಜನರಿಗೂ ಹಿಡಿಸಿರಲಾರದು.

1965ರ ಸೆಪ್ಟೆಂಬರ್ 4ರಂದು 90ನೇ ವಯಸ್ಸಿನಲ್ಲಿ ಶ್ವೈಟ್ಜರ್ ಲಾಂಬರೆನೆಯಲ್ಲೇ ತೀರಿಕೊಂಡರು. ಅಲ್ಲಿಯೇ ಮಣ್ಣು ಮಾಡಿದರು. ಆಸ್ಪತ್ರೆ ಇಂದಿಗೂ ಇದೆ. ಅವರ ನಂತರ ಅದರ ಆಡಳಿತ ವಹಿಸಿಕೊಂಡದ್ದು ಬೇರೆ ಯಾರೂ ಅಲ್ಲ, ಐದು ವರ್ಷದವಳಾಗಿ ಹಿಂದೆ ಉಳಿದಿದ್ದ ಆ ರೇನಾ. ಪ್ರಯೋಗಾಲಯದ ಕೆಲಸ ಕಲಿತು ತಂದೆಯ ಆಸ್ಪತ್ರೆಗೆ ಬಂದಿದ್ದರು. ಇದನ್ನೂ ಅಮ್ಮನಿಗೆ ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ, ಮೊರ ಎತ್ತಿಕೊಂಡು ಒಳಗೆ ಹೋದರು.